ಹಲಗೆ ನಡುವೆ ಉಬ್ಬಿ ಬರ್ತಿದ್ರೆ ಮೊದಲು ಬ್ಲೇಡಿನ ಹಲ್ಲು ಎಣಿಸಿ

ನೀವು ಕೇಳಿದ್ದು ಇಷ್ಟು: 14 ಇಂಚಿನ (ಅಂದರೆ ಚಕ್ರದ ವ್ಯಾಸ) ಬ್ಯಾಂಡ್ ಸಾ, ಎರಡು ಚಕ್ರಗಳ ಮೇಲೆ ಪಟ್ಟಿಯ ಹಾಗೆ ಸುತ್ತುವ ಬ್ಲೇಡಿನ ಗರಗಸ, ತಗೊಂಡಿದ್ದೀರಿ. ಜೊತೆಗೆ ಬಂದ ಬ್ಲೇಡು ಅರ್ಧ ಇಂಚು ಅಗಲದ್ದು, ಇಂಚಿಗೆ 6 ಹಲ್ಲು, ಹೊಸದೇ. 8 ಇಂಚು ಅಗಲದ ಹಲಸಿನ ತುಂಡನ್ನು ನಿಲ್ಲಿಸಿ ಸೀಳಿದರೆ ಮೇಲಂಚು ಕೆಳಂಚು ಸರಿಯಾಗಿದ್ದು ನಡುವೆ ಮಾತ್ರ ಉಬ್ಬು. ಇನ್ನೂ ಹೆಚ್ಚು ಹಲ್ಲಿನ ಬ್ಲೇಡು ತರಬೇಕಾ?

ತರಬೇಡಿ. ನಿಮಗೆ ಬೇಕಿರುವುದು ಕಡಿಮೆ ಹಲ್ಲು.

ನಾನು ದೇವರ ಮಂಟಪ ಮಾಡುವವನು, ಕೈಗೆ ಬರುವುದು ಬಹುಪಾಲು ಹಲಸು ಮತ್ತು ಸಾಗುವಾನಿ. ಶುರುವಿನಲ್ಲಿ ನನಗೂ ಹೀಗೇ ಆಗಿ ಆರು ಹಲಗೆ ಹಾಳಾದವು. ಒಳ್ಳೇ ಹಲಸಿನ ಹಲಗೆ ಕೆಟ್ಟರೆ ಎಷ್ಟು ಸಂಕಟ ಅಂತ ಗೊತ್ತು, ಅದಕ್ಕೇ ವಿವರವಾಗಿ ಬರೀತಿದ್ದೀನಿ.

ಮರ ಕೊಯ್ಯುವುದು ಹಲ್ಲಿನ ಕೆಲಸ. ಕೊಯ್ದ ಹೊಟ್ಟನ್ನು ಹೊತ್ತು ಆಚೆ ಹಾಕುವುದು ಎರಡು ಹಲ್ಲುಗಳ ನಡುವಿನ ಸಂದು. ನಿಮ್ಮ ಬ್ಲೇಡಿನ 48 ಹಲ್ಲು ಒಮ್ಮೆಗೇ ಆ 8 ಇಂಚು ಮರದೊಳಗಿರುತ್ತವೆ. ಮೇಲೆ ಒಳಹೊಕ್ಕ ಹಲ್ಲು ಕೆಳಗೆ ಹೊರಬರುವ ತನಕ ಹೊಟ್ಟೆಲ್ಲ ಆ ಸಂದಿನಲ್ಲೇ ಇರಬೇಕು. ಅರ್ಧ ದಾರಿಗೇ ಸಂದು ತುಂಬಿತೋ, ಹಲ್ಲಿನ ತುದಿಗೆ ಮರ ಸಿಗುವುದಿಲ್ಲ. ನೀವು ಹಿಂದಿನಿಂದ ಒತ್ತುತ್ತೀರಿ, ಬ್ಲೇಡು ಮೇಲಿನ ಮತ್ತು ಕೆಳಗಿನ ಗೈಡುಗಳ (ಅದು ಅಲುಗದಂತೆ ಹಿಡಿಯುವ ಆಸರೆಗಳ) ನಡುವೆ ಬಿಲ್ಲಿನ ಹಾಗೆ ಬಾಗುತ್ತದೆ. ಆ ಉಬ್ಬು ಅದರದ್ದೇ ಗುರುತು.

ಅರ್ಧ ಇಂಚು ಅಗಲವೇ ಇರಲಿ, ಇಂಚಿಗೆ 3 ಹಲ್ಲಿನ ಹುಕ್ ಬ್ಲೇಡು ಹಾಕಿ. ಹುಕ್ ಅಂದರೆ ಹಲ್ಲು ಸುಮಾರು 10 ಡಿಗ್ರಿ ಮುಂದಕ್ಕೆ ಬಾಗಿ, ಸಂದು ಆಳವಾಗಿರುವಂಥದ್ದು. ಗಟ್ಟಿ ಮರ ಸೀಳಲು ಅದೇ ಸೈ. ಸ್ಕಿಪ್ ಬ್ಲೇಡಿನಲ್ಲಿ ಒಂದು ಬಿಟ್ಟು ಒಂದು ಹಲ್ಲು ತೆಗೆದ ಹಾಗಿರುತ್ತದೆ, ಹಲ್ಲು ನೆಟ್ಟಗೆ. ಮೆತ್ತನೆಯ ಮರಕ್ಕೆ, ಅಂಟು ಹಿಡಿಯುವ ಮರಕ್ಕೆ ಅದು ಒಳ್ಳೆಯದು. ಒತ್ತೊತ್ತಾಗಿ ನೆಟ್ಟಗಿನ ಹಲ್ಲಿರುವ ರೆಗ್ಯುಲರ್ ಬ್ಲೇಡು ಪ್ಲೈವುಡ್‌ಗೆ, ಅಡ್ಡ ಕೊಯ್ತಕ್ಕೆ. ತೆಳ್ಳನೆಯ ವಸ್ತುವಾದರೆ ಕನಿಷ್ಠ 3 ಹಲ್ಲಾದರೂ ಅದರೊಳಗಿರಬೇಕು, ಇಲ್ಲದಿದ್ದರೆ ಕಿತ್ತು ಚಕ್ಕೆ ಏಳುತ್ತದೆ. ಕಾಲು ಇಂಚಿನ ಪ್ಲೈಗೆ ಇಂಚಿಗೆ 14 ಹಲ್ಲಿನದ್ದು ಸರಿ.

ಮುಕ್ಕಾಲು ಇಂಚಿನ ಬ್ಲೇಡೂ ಕೂರುತ್ತದೆ ಅಂತ ಅಂಗಡಿಯವರು ಹೇಳಬಹುದು. ಕೂರುತ್ತದೆ, ನಿಜ. ಆದರೆ ಅದಕ್ಕೆ ಬೇಕಾದಷ್ಟು ಬಿಗಿ ಕೊಡುವ ಶಕ್ತಿ 14 ಇಂಚಿನ ಎಷ್ಟೋ ಮೆಷಿನ್‌ಗಳ ಸ್ಪ್ರಿಂಗಿಗೆ ಇರುವುದಿಲ್ಲ. ಸಡಿಲವಾದ ಅಗಲ ಬ್ಲೇಡಿಗಿಂತ ಬಿಗಿಯಾದ ಅರ್ಧ ಇಂಚು ಎಷ್ಟೋ ಮೇಲು.

ತಿರುವು ಕೊಯ್ಯಲು ಮಾತ್ರ ಸಣ್ಣ ಅಗಲ ಬೇಕು. ಕಾಲು ಇಂಚಿನ ಬ್ಲೇಡು ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ವೃತ್ತ ಸುತ್ತುತ್ತದೆ. ಅರ್ಧ ಇಂಚಿನದ್ದಕ್ಕೆ ಸುಮಾರು 5 ಇಂಚು ವ್ಯಾಸ ಬೇಕು, ಪೂರಿಯಷ್ಟು ಅನ್ನಿ. ಬಲವಂತಕ್ಕೆ ತಿರುಗಿಸಿದರೆ ಬ್ಲೇಡು ತಿರುಚಿಕೊಂಡು ತುಂಡಾಗುತ್ತದೆ.

ಲೋಹದ ವಿಷಯ. ಹಲಸಿಗೆ ಸಾಧಾರಣ ಕಾರ್ಬನ್ ಸ್ಟೀಲ್ ಬ್ಲೇಡು ಸಾಕು. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಅಂಥ ಬ್ಲೇಡು ಬೇಗ ಮೊಂಡಾಗುತ್ತದೆ. ಅದನ್ನೇ ಹೆಚ್ಚು ಸೀಳುವವರು ಬೈಮೆಟಲ್ ನೋಡಬಹುದು: ಬಾಗುವ ಉಕ್ಕಿನ ಬೆನ್ನಿಗೆ ಹೈಸ್ಪೀಡ್ ಸ್ಟೀಲಿನ ಅಂಚು ಬೆಸೆದಿರುತ್ತಾರೆ. ಬೈಮೆಟಲ್ ಇದೆಯಲ್ಲಾ ಅಂತ ಮರದ ಮೆಷಿನ್‌ನಲ್ಲಿ ಕಬ್ಬಿಣ ಕೊಯ್ಯಲು ಹೋಗಬೇಡಿ. ಮರಕ್ಕೆ ಬ್ಲೇಡು ನಿಮಿಷಕ್ಕೆ 3000 ಅಡಿ ಆಸುಪಾಸು ಓಡುತ್ತದೆ, ಕಬ್ಬಿಣಕ್ಕೆ ಅದರ ಹತ್ತನೇ ಒಂದು ಭಾಗವೂ ಹೆಚ್ಚೇ.

ಒಂದು ವ್ಯತ್ಯಾಸ ಗಮನಿಸಿ. ನಡುವೆ ಉಬ್ಬದೆ, ಕೊಯ್ತ ಪೂರ್ತಿಯಾಗಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಕಾರಣ ಬೇರೆ ಇರಬಹುದು. ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿರುತ್ತಾರೆ. ಮೊಳೆ ತಾಗಿ ಒಂದು ಪಕ್ಕದವು ಮೊಂಡಾದರೆ ಬ್ಲೇಡು ಹರಿತವಿರುವ ಕಡೆಗೇ ಓಡುತ್ತದೆ. ಹಳೇ ಮನೆಯ ತೊಲೆ ಸೀಳುವ ಮುಂಚೆ ಅಯಸ್ಕಾಂತ ಆಡಿಸಿ ನೋಡಿ.

ಹೊಸ ಬ್ಲೇಡನ್ನು ರೋಲಿನಿಂದ ಕತ್ತರಿಸಿ ಬೆಸೆದುಕೊಟ್ಟರೆ ಪ್ಲಗ್ ಕಿತ್ತಿಟ್ಟು ಚಕ್ರವನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ. ಬೆಸುಗೆ ಗೈಡಿನ ಹತ್ತಿರ ಬಂದಾಗೆಲ್ಲ ಟಕ್ ಅಂದರೆ ವಾಪಸ್ ಕೊಟ್ಟು, ಸಮ ಉಜ್ಜಿಸಿಕೊಂಡು ಬನ್ನಿ.