ಎಪ್ಪತ್ತು ರೂಪಾಯಿ ಕೇಳಿದ್ದು ತಪ್ಪಾ?

ಪ್ರಶ್ನೆ: ಅಣ್ಣಾವರೆ, ಹೋದ ತಿಂಗಳು ಅತ್ತೆ, ಮಾವನ ಜೊತೆ ಶರಣಬಸವೇಶ್ವರ ಗುಡಿಗೆ ಹೋಗಿದ್ದೆವು. ಬರುವಾಗ ಒಂದು ಹೋಟೆಲಿನಲ್ಲಿ ಊಟ ಮಾಡಿದೆವು. ಬಿಲ್ 430 ರೂಪಾಯಿ. ನಾನು 500ರ ನೋಟು ಕೊಟ್ಟೆ. ತಗೊಂಡು ಹೋದ ಸರ್ವರ್ ತಿರುಗಿ ಬರಲೇ ಇಲ್ಲ. ಹತ್ತು ನಿಮಿಷ ಕಾದು ಕೇಳಿದೆ. 70 ರೂಪಾಯಿ ತಂದು ಟೇಬಲ್ ಮೇಲೆ ಒಗೆದು, "ಇಷ್ಟಕ್ಕೂ ಲೆಕ್ಕ ನೋಡ್ತಾರ" ಅಂತ ಜೊತೆಗಾರನಿಗೆ ಹೇಳಿದ. ಆಟೋದಲ್ಲಿ ನಮ್ಮ ಮನೆಯವರು "ಎಪ್ಪತ್ತು ರೂಪಾಯಿಗೆ ಮಾನ ಕಳದಿ" ಅಂದರು. ನಾನು ಕೇಳಿದ್ದು ತಪ್ಪಾ?
- ಒಬ್ಬ ಶಿಕ್ಷಕಿ, ಕಲಬುರಗಿ

ಉತ್ತರ: ತಪ್ಪೇನಿಲ್ಲ ತಂಗೀ. ಆ 70 ರೂಪಾಯಿ ನಿಮ್ಮದು. ನೀವಾಗಿ ಕೈಯೆತ್ತಿ ಕೊಟ್ಟರೆ ಮಾತ್ರ ಅದು ಭಕ್ಷೀಸು. ಕೇಳದೇ ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಇದನ್ನು ನಾನು ಗಿರಾಕಿಯ ಕುರ್ಚಿಯಲ್ಲಿ ಕೂತು ಹೇಳುತ್ತಿಲ್ಲ. ಇದೇ ಊರಿನ ಸ್ಟೇಷನ್ ಕಡೆಯ ಖಾನಾವಳಿಯೊಂದರಲ್ಲಿ 11 ವರ್ಷ ಊಟ ಬಡಿಸಿದವನು ನಾನು. ಆಮೇಲೆ 14 ವರ್ಷ ಗಲ್ಲಾದ ಮೇಲೆ ಕೂತೆ. ಚಿಲ್ಲರೆ ವಾಪಸ್ ಕೊಡದ ತಪ್ಪು ನಾನೂ ಮಾಡಿದ್ದೇನೆ.

ಆಳಂದ ಕಡೆಯ ಒಬ್ಬ ಅಜ್ಜ ತೊಗರಿ ಮಾರಲು ಬಂದಾಗಲೆಲ್ಲ ನಮ್ಮಲ್ಲೇ ಉಣ್ಣುತ್ತಿದ್ದರು. ಎರಡು ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಒಂದು ದಿನ ಅವರ ಚಿಲ್ಲರೆ 18 ರೂಪಾಯಿ ನನ್ನ ಜೇಬಿನಲ್ಲೇ ಉಳಿಸಿಕೊಂಡೆ. ಅಜ್ಜ ಸ್ವಲ್ಪ ಹೊತ್ತು ನೋಡಿದರು. ಏನೂ ಕೇಳದೆ ಎದ್ದು ಹೋದರು. ಮುಂದಿನ ಸಲ ಬಂದಾಗ ವಸ್ತ್ರದ ಗಂಟಿನಲ್ಲಿ ಊಟದ ರೊಕ್ಕ ಸರಿಯಾಗಿ ಎಣಿಸಿ ಕಟ್ಟಿಕೊಂಡು ಬಂದಿದ್ದರು. ಗಂಟು ಬಿಚ್ಚಿ ಅದನ್ನು ಮಾಲೀಕರ ಕೈಯಲ್ಲೇ ಇಟ್ಟರು, ನನ್ನ ಕೈಯಲ್ಲಿ ಕೊಡಲಿಲ್ಲ. ಆಮೇಲೂ ವರ್ಷಗಟ್ಟಲೆ ಬಂದರು, ಪ್ರತಿ ಸಲವೂ ಹಾಗೇ. ನಿಮ್ಮ ಪತ್ರ ಓದುವಾಗ ಆ ಗಂಟೇ ಕಣ್ಣ ಮುಂದೆ ಬಂತು.

ಸರಿಯಾದ ರೀತಿ ಹೇಗಿರುತ್ತದೆ ಅಂದರೆ, ಸರ್ವರ್ ಪೂರ್ತಿ ಚಿಲ್ಲರೆಯನ್ನು ಬಿಲ್ ಜೊತೆ ತಾಟಿನಲ್ಲಿಟ್ಟು ತರಬೇಕು. ನಮ್ಮ ಮಾಲೀಕರು ಇದನ್ನು ಕೈ ಹಿಡಿದು ಕಲಿಸಿದ್ದರು. ನೋಟು ಕೆಳಗೆ, ನಾಣ್ಯ ಮೇಲೆ, ಬಡೇಸೋಪು ಪಕ್ಕದ ಬಟ್ಟಲಲ್ಲಿ. ನಾಣ್ಯದ ಮೇಲೆ ಬಡೇಸೋಪು ಸುರಿದರೆ ಗಿರಾಕಿಗೆ ಕೈ ಹಾಕಲು ನಾಚಿಕೆ ಆಗುತ್ತೆ ಅಂತ ಬೈಯುತ್ತಿದ್ದರು. 70 ವಾಪಸ್ ಕೊಡುವುದಿದ್ದರೆ ಐವತ್ತು, ಇಪ್ಪತ್ತರ ನೋಟು ಬೇಡ, ಏಳು ಹತ್ತರ ನೋಟು ಕೊಡು ಅನ್ನುತ್ತಿದ್ದರು. ಬಿಡಲು ಮನಸ್ಸಿರುವವರಿಗೆ ಒಂದೋ ಎರಡೋ ಬಿಡಲು ಸುಲಭ. ಇದರಲ್ಲಿ ಮೋಸವಿಲ್ಲ, ತೀರ್ಮಾನ ಗಿರಾಕಿಯದೇ.

ಗಿರಾಕಿಗಳ ಕಡೆಯಿಂದಲೂ ಒಂದು ಗೊಂದಲ ಆಗುತ್ತದೆ. ಎಷ್ಟೋ ಜನ ನೋಟು ಇಟ್ಟು ಏನೂ ಹೇಳದೆ ಎದ್ದು ಹೋಗುತ್ತಾರೆ. ಇಟ್ಟುಕೊಳ್ಳಲಿ ಅಂತಲೋ, ಕೈ ತೊಳೆದು ಬರುತ್ತಾರೋ, ಆ ಹುಡುಗನಿಗೆ ತಿಳಿಯುವುದಿಲ್ಲ. ಕೊಡುವ ಮನಸ್ಸಿದ್ದರೆ "ಉಳಿದದ್ದು ನೀ ಇಟ್ಕೋ ತಮ್ಮಾ" ಅನ್ನಿ. ಇಲ್ಲದಿದ್ದರೆ ನೋಟು ಕೊಡುವಾಗಲೇ "ಚಿಲ್ಲರ ತಗೊಂಬಾ" ಅನ್ನಿ. ಮೊದಲೇ ಹೇಳಿದರೆ ಯಾರಿಗೂ ಮುಜುಗರ ಆಗಲ್ಲ.

ಎಷ್ಟು ಕೊಡಬೇಕು ಅಂತ ನೀವು ಕೇಳಿಲ್ಲ, ಆದರೆ ಬಹಳ ಜನ ಕೇಳುತ್ತಾರೆ. ಖಾನಾವಳಿಯಲ್ಲಿ ಹತ್ತೋ ಇಪ್ಪತ್ತೋ ಸಾಕು. ಮನೆಮಂದಿಯೆಲ್ಲ ಎಸಿ ಹಾಲಿನಲ್ಲಿ ಒಂದು ತಾಸು ಕೂತು ಉಂಡಿದ್ದರೆ ನೂರಕ್ಕೆ ಐದರಿಂದ ಹತ್ತು. ಸೇವೆ ಕೆಟ್ಟದಾಗಿದ್ದರೆ ಏನೂ ಬೇಡ. ಅಮೆರಿಕದಲ್ಲಿರುವ ಮಕ್ಕಳು ನೂರಕ್ಕೆ ಇಪ್ಪತ್ತು ಕೊಡಬೇಕು ಅನ್ನುತ್ತಾರೆ. ಅಲ್ಲಿಯ ಕಥೆ ಬೇರೆ. ಅಲ್ಲಿ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಲೇಬೇಕಾದ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, ತಾಸಿಗೆ ಬರೀ 2.13 ಡಾಲರ್. 1991ರಿಂದ ಅದು ಏರಿಲ್ಲ. ಬಹಳಷ್ಟು ರಾಜ್ಯಗಳು ಮಾತ್ರ ತಮ್ಮ ಕಾನೂನಿನಲ್ಲಿ ಇದಕ್ಕಿಂತ ಜಾಸ್ತಿ ಇಟ್ಟಿವೆ. ಹಾಗಾಗಿ ಅಲ್ಲಿ ಟಿಪ್ಸ್ ಅಂದರೆ ಅರ್ಧ ಸಂಬಳವೇ. ಆ ಲೆಕ್ಕವನ್ನು ಕಲಬುರಗಿಗೆ ತರಬೇಡಿ.

ನಿಮ್ಮ ಮನೆಯವರಿಗೂ ಈ ಪತ್ರಿಕೆ ಓದಲು ಕೊಡಿ. ಮಾನ ಹೋಗಿದ್ದರೆ ಅದು ನಿಮ್ಮದಲ್ಲ, ಆ ರೊಕ್ಕ ಒಗೆದ ಕೈಯದು.

ಪ್ರಶ್ನೆ: ಗೆಳೆಯನ ಹುಟ್ಟುಹಬ್ಬಕ್ಕೆ ಹೋಗಿದ್ದ ಹೋಟೆಲಿನ ಬಿಲ್ಲಿನಲ್ಲಿ ನೂರಕ್ಕೆ ಹತ್ತು 'ಸರ್ವಿಸ್ ಚಾರ್ಜ್' ಅಂತ ಹಾಕಿದ್ದರು. ಕೊಡಲೇಬೇಕು ಅಂದರು. ಕೊಟ್ಟು ಬಂದೆ. ಕೊಡಲೇಬೇಕಿತ್ತಾ?
- ಓದುಗ, ಬೀದರ್

ಉತ್ತರ: ಬೇಕಿರಲಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಇದನ್ನು ಸ್ಪಷ್ಟ ಮಾಡಿದೆ. ಸರ್ವಿಸ್ ಚಾರ್ಜನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. "ಇದನ್ನು ತೆಗೆದು ಬಿಲ್ ಕೊಡ್ರಿ" ಅನ್ನಿ. ಒಪ್ಪದಿದ್ದರೆ ಬಿಲ್ಲಿನ ಫೋಟೋ ತೆಗೆದಿಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಎಸ್‌ಟಿ ಮಾತ್ರ ಬೇರೆ, ಅದು ತೆರಿಗೆ, ಕೊಡಲೇಬೇಕು.

ಪ್ರಶ್ನೆ: ನಾನು ಸರ್ವರ್ ಕೆಲಸ ಮಾಡ್ತೀನ್ರಿ. ಟಿಪ್ಸ್ ಎಲ್ಲ ಗಲ್ಲಾದ ಡಬ್ಬಿಗೆ ಹಾಕಬೇಕು, ಆಮೇಲೆ ಎಲ್ಲರಿಗೂ ಹಂಚ್ತೀವಿ ಅಂತಾರೆ ನಮ್ಮ ಮಾಲೀಕರು. ಓಡಾಡಿ ದುಡಿಯೋನು ನಾನು, ಹಂಚೋದು ಯಾಕೆ?
- ಯಾದಗಿರಿಯಿಂದ

ಉತ್ತರ: ತಮ್ಮಾ, ನಿನ್ನ ಸಿಟ್ಟು ನನಗೆ ಗೊತ್ತು, ನನಗೂ ಹಾಗೇ ಅನ್ನಿಸುತ್ತಿತ್ತು. ಮೊದಲು ಎರಡು ವಿಷಯ ಕೇಳಿಕೋ. ಡಬ್ಬಿಯನ್ನು ರಾತ್ರಿ ಎಲ್ಲರ ಮುಂದೆ ಬಿಚ್ಚಿ ಎಣಿಸುತ್ತಾರಾ? ಅದರಲ್ಲಿ ಮಾಲೀಕರು ಪಾಲು ತಗೋತಾರಾ? ಮುಚ್ಚಿ ಎಣಿಸುವ ಡಬ್ಬಿಯಾದರೆ ನೀನು ಒಪ್ಪಬೇಕಿಲ್ಲ. ಗಿರಾಕಿ ಸ್ಕ್ಯಾನ್ ಮಾಡಿ ಜಾಸ್ತಿ ಹಾಕಿದ ರೊಕ್ಕ ಮಾಲೀಕರ ಖಾತೆಗೇ ಹೋಗುತ್ತೆ, ಅದರ ಲೆಕ್ಕವನ್ನೂ ಕೇಳು.

ಆದರೆ ಎಲ್ಲರ ಮುಂದೆ ಎಣಿಸಿ ಹಂಚುವುದಾದರೆ ಒಪ್ಪಿಕೋ. ನಮ್ಮ ಖಾನಾವಳಿಯ ಹಿಂದೆ ಮೂವರು ಅವ್ವಂದಿರು ರೊಟ್ಟಿ ಬಡಿಯುತ್ತಿದ್ದರು. ಮೇ ತಿಂಗಳ ಬಿಸಿಲು, ಮೇಲೆ ತಗಡು, ಎದುರಿಗೆ ಒಲೆ. ಗಿರಾಕಿ "ರೊಟ್ಟಿ ಭಾರಿ ಅದ" ಅಂತ ಮೆಚ್ಚಿ ಹತ್ತು ರೂಪಾಯಿ ಇಡುತ್ತಿದ್ದದ್ದು ನನ್ನ ಕೈಯಲ್ಲಿ. ಅವರನ್ನು ಯಾವ ಗಿರಾಕಿಯೂ ನೋಡಿರಲೇ ಇಲ್ಲ.