ಸವೆದ ಬಳೆಯ ಚಿನ್ನ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ತಾಯಿಯವರ ಮದುವೆಯ ಬಳೆಗಳು ನಲವತ್ತು ವರ್ಷಗಳಲ್ಲಿ ಸವೆದು ತೂಕ ಕಳೆದುಕೊಂಡಿವೆ. ಬೆಂಕಿಗೂ ಹಾಳಾಗದ ಚಿನ್ನ ಹೀಗೆ ಇಲ್ಲವಾಗುವುದು ಹೇಗೆ? ಚಿನ್ನವನ್ನು ಮರಳಿ ಸಿಗದಂತೆ ನಾಶಮಾಡಲು ಸಾಧ್ಯವೇ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಬೆಂಕಿ ಚಿನ್ನದ ರೂಪವನ್ನಷ್ಟೇ ಕೆಡಿಸಬಲ್ಲದು. 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿದರೂ ತಣ್ಣಗಾದ ಮೇಲೆ ಅಷ್ಟೇ ತೂಕದ ಗಟ್ಟಿ ಕೈಗೆ ಬರುತ್ತದೆ. ಆಮ್ಲದಲ್ಲಿ ಕರಗಿಸಿದರೂ ಕಥೆ ಅದೇ. ಜರ್ಮನಿಯ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ತಮ್ಮ ನೊಬೆಲ್ ಪದಕಗಳನ್ನು ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಇರಿಸಿದ್ದರು. 1940ರಲ್ಲಿ ನಾಜಿ ಸೇನೆ ಆ ಊರನ್ನು ಹೊಕ್ಕಾಗ, ಪದಕಗಳ ಮೇಲೆ ಹೆಸರುಗಳು ಕೆತ್ತಿದ್ದುದರಿಂದ ಅವು ಸಿಕ್ಕಿಬಿದ್ದರೆ ಒಡೆಯರಿಗೆ ಅಪಾಯವೆಂದು, ರಸಾಯನವಿಜ್ಞಾನಿ ಜಾರ್ಜ್ ಡಿ ಹೆವೆಶಿ ಅವನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದ ರಾಜಾಮ್ಲದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಆ ದ್ರಾವಣ ಇಟ್ಟಲ್ಲೇ ಇತ್ತು. ಅದರಿಂದ ಬೇರ್ಪಡಿಸಿದ ಚಿನ್ನದಲ್ಲಿ ಪದಕಗಳನ್ನು ಮತ್ತೆ ಅಚ್ಚು ಹಾಕಲಾಯಿತು.

ಚಿನ್ನವನ್ನು ಚಿನ್ನವಲ್ಲದಂತೆ ಮಾಡಬೇಕಾದರೆ ಪರಮಾಣುವಿನ ಬೀಜಕ್ಕೇ ಕೈಹಾಕಬೇಕು. ರಿಯಾಕ್ಟರಿನಲ್ಲಿ ಅದು ಒಂದು ನ್ಯೂಟ್ರಾನನ್ನು ನುಂಗಿದರೆ ವಿಕಿರಣಶೀಲವಾದ ಚಿನ್ನ-198 ಆಗುತ್ತದೆ, ಮತ್ತು ಪ್ರತಿ 2.7 ದಿನಗಳಿಗೊಮ್ಮೆ ಅದರಲ್ಲಿ ಅರ್ಧದಷ್ಟು ಪಾದರಸವಾಗಿ ಬದಲಾಗುತ್ತದೆ. ಪಾದರಸವನ್ನು ಚಿನ್ನ ಮಾಡಲು ಹೊರಟ ಹಳೆಯ ರಸವಾದಿಗಳು ಈ ತಿರುಗುಮುರುಗನ್ನು ಕಂಡಿದ್ದರೆ ನೊಂದುಕೊಳ್ಳುತ್ತಿದ್ದರೇನೋ!

ಇಷ್ಟೆಲ್ಲ ಕಷ್ಟಪಡದೆಯೂ ಚಿನ್ನ ಕೈತಪ್ಪಿಹೋಗುವ ದಾರಿಯೊಂದಿದೆ, ಅದು ಚದುರುವಿಕೆ. ಒಂದನೆಯ ಮಹಾಯುದ್ಧದ ಪರಿಹಾರಧನವನ್ನು ತೀರಿಸಲು ಸಮುದ್ರದ ನೀರಿನಿಂದಲೇ ಚಿನ್ನ ತೆಗೆಯಬಹುದೆಂದು 1920ರ ದಶಕದಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಹಡಗಿನಲ್ಲಿ ಪ್ರಯೋಗಶಾಲೆ ಕಟ್ಟಿಕೊಂಡು ಹೊರಟರು. ನಿರೀಕ್ಷಿಸಿದ್ದರ ಸುಮಾರು ಸಾವಿರದ ಒಂದು ಪಾಲಷ್ಟೇ ಸಿಕ್ಕಿ, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರುವುದೆಂದು ಕೈಬಿಟ್ಟರು. ಆದರೆ ಯಾವುದು ಲಾಭ, ಯಾವುದು ನಷ್ಟ ಎಂಬ ಲೆಕ್ಕ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅದಿರನ್ನು ಪುಡಿಮಾಡಿ ಸೈನೈಡಿನಲ್ಲಿ ನೆನೆಸಿ ಚಿನ್ನ ತೆಗೆದ ಮೇಲೆ ಕೋಲಾರದ ಗಣಿಯವರು ಸುರಿದ ಮಣ್ಣು ಇಂದಿಗೂ ಕೆಜಿಎಫ್‌ನಲ್ಲಿ ದಿಬ್ಬಗಳಾಗಿ ನಿಂತಿದೆ. 2001ರಲ್ಲಿ ಗಣಿ ಮುಚ್ಚಿದ ಬಳಿಕವೂ ಅದರಲ್ಲಿ ಉಳಿದ ಚಿನ್ನದ ಮಾತು ಮತ್ತೆ ಮತ್ತೆ ಏಳುತ್ತಿರುವುದಕ್ಕೆ ಆ ಮಣ್ಣು ಒಂದೇ ಕಡೆ ರಾಶಿ ಬಿದ್ದಿರುವುದೇ ಮುಖ್ಯ ಕಾರಣ.

ಅಕ್ಕಸಾಲಿಗರು ಅಂಗಡಿಯ ಕಸವನ್ನು ಎಸೆಯದೆ ಕೂಡಿಡುವುದೂ ಇದಕ್ಕಾಗಿಯೇ. ಅರ ಉಜ್ಜಿದಾಗ ಉದುರಿದ ಪುಡಿಯೆಲ್ಲ ಅದರಲ್ಲಿರುತ್ತದೆ. ನಿಮ್ಮ ತಾಯಿಯವರ ಬಳೆಯಿಂದ ಉದುರಿದ ಕಣಗಳಾದರೋ ಪಾತ್ರೆ ತಿಕ್ಕಿದ ನೀರಿನಲ್ಲಿ, ಬಟ್ಟೆ ಒಗೆದ ಕಲ್ಲಿನ ಮೇಲೆ, ಬಸ್ಸಿನ ಕಂಬಿಯಲ್ಲಿ, ನಲವತ್ತು ವರ್ಷ ನಡೆದಾಡಿದ ಎಲ್ಲ ಕಡೆಯೂ ಹರಡಿಹೋಗಿವೆ. ಒಂದು ಕಣವೂ ನಾಶವಾಗಿಲ್ಲ, ಆದರೆ ಗುಡಿಸಿ ಕೂಡಿಹಾಕಲು ಅಂಗಡಿಯ ನೆಲದಂತಹ ಒಂದು ಜಾಗ ಅವಕ್ಕಿಲ್ಲ.