ಹಳೆಯ ಡೋಜರಿನ ಚೈನು, ಸ್ಪ್ರಾಕೆಟ್ಟು, ಗೇರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮಲ್ಲಿ ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ತಯಾರಾದ ಹಳೆಯ ಡಿ-50 ಡೋಜರ್ ಇದೆ. ತೋಟದ ರಸ್ತೆ ತಿದ್ದುವುದಕ್ಕೂ ಕೆರೆಯ ಹೂಳು ತಳ್ಳುವುದಕ್ಕೂ ಅದೇ ಆಧಾರ. ಈಗ ಇಳಿಜಾರಿನಲ್ಲಿ ಹಿಂದಕ್ಕೆ ತೆಗೆಯುವಾಗ ಚೈನು, ಅದನ್ನು ಎಳೆಯುವ ಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲಿನ ಮೇಲೆ ಹತ್ತಿ ‘ಕಟಕ್’ ಎಂದು ಜಾರುತ್ತದೆ. ಗ್ರೀಸ್ ತುಂಬಿ ಎಷ್ಟು ಬಿಗಿ ಮಾಡಿದರೂ ಎರಡು ದಿನಕ್ಕೆ ಮತ್ತೆ ಅದೇ ಕಥೆ. ಒಬ್ಬ ಮೆಕ್ಯಾನಿಕ್ ಹೊಸ ಸ್ಪ್ರಾಕೆಟ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಹಲ್ಲಿಗೆ ವೆಲ್ಡಿಂಗ್ ತುಂಬಿಸಿದರೆ ಸಾಕು ಎನ್ನುತ್ತಾರೆ. ಯಾವುದನ್ನು ನಂಬಬೇಕು?
— ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಎರಡಕ್ಕೂ ಮೊದಲು ಚೈನನ್ನು ಅಳೆಯಿರಿ. ಸ್ಪ್ರಾಕೆಟ್ಟಿನ ಹಲ್ಲು ಕುಡುಗೋಲಿನ ತುದಿಯಂತೆ ಬಾಗಿ ಚೂಪಾಗಿರುವುದು ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಎಲ್ಲರೂ ಅದನ್ನೇ ದೂರುತ್ತಾರೆ. ಆದರೆ ನೀವು ಹೇಳುವ ಲಕ್ಷಣದ ಮೂಲ ಬಹುತೇಕ ಚೈನಿನೊಳಗೆ ಇರುತ್ತದೆ. ಕೊಂಡಿ ಮಡಚಿದಾಗಲೆಲ್ಲ, ಕೊಂಡಿಗಳನ್ನು ಸೇರಿಸುವ ಪಿನ್ನಿನ ಹೊರಮೈಯೂ ಅದನ್ನು ಸುತ್ತಿದ ಕೊಳವೆಯಾದ ಬುಷ್ಷಿನ ಒಳಮೈಯೂ ಒಂದೇ ಪಕ್ಕದಲ್ಲಿ ತಿಕ್ಕಿ ಸವೆಯುತ್ತವೆ, ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, ಅಂದರೆ ಪಿಚ್, ಕೂದಲೆಳೆಯಷ್ಟಷ್ಟೇ ಹೆಚ್ಚುತ್ತಾ ಹೋಗುತ್ತದೆ. ಸ್ಪ್ರಾಕೆಟ್ಟಿನ ಪಿಚ್ ಮಾತ್ರ ಹಾಗೆ ಹಿಗ್ಗುವುದಿಲ್ಲ. ಎರಡೂ ಹೊಂದದೆ ಹೋದಾಗ ಬುಷ್ಷು ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರುತ್ತದೆ. ಇಂತಹ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸಿದರೆ ಅದರ ಹಲ್ಲನ್ನೂ ಹಳೆಯ ಚೈನು ಬೇಗನೆ ತಿಂದುಹಾಕುತ್ತದೆ.

ಅಳೆಯುವ ಕ್ರಮ ಹೀಗಿದೆ. ಡೋಜರನ್ನು ಸಮತಟ್ಟಾದ ಜಾಗಕ್ಕೆ ತಂದು, ಚೈನಿಗೆ ಅಂಟಿದ ಮಣ್ಣನ್ನು ಪೂರ್ತಿ ಕೆರೆದು ತೊಳೆದು, ಮೇಲಿನ ಸಾಲು ಎಲ್ಲೂ ಜೋಲದೆ ಬಿಗಿಯಾಗಿ ಎಳೆದಿರುವಂತೆ ನಿಲ್ಲಿಸಿ ಎಂಜಿನ್ ಆರಿಸಿ. ಚೈನನ್ನು ಬಿಚ್ಚಲೆಂದೇ ಇರುವ ಮಾಸ್ಟರ್ ಪಿನ್ನಿನ ಭಾಗವನ್ನು ಬಿಟ್ಟು, ಒಂದು ಪಿನ್ನಿನ ಅಂಚಿನಿಂದ ಐದನೆಯ ಪಿನ್ನಿನ ಅದೇ ಅಂಚಿನವರೆಗೆ ಟೇಪು ಹಿಡಿಯಿರಿ. ಸಿಕ್ಕಿದ್ದನ್ನು 4ರಿಂದ ಭಾಗಿಸಿದರೆ ಒಂದು ಕೊಂಡಿಯ ಪಿಚ್ ತಿಳಿಯುತ್ತದೆ. ಎರಡೂ ಬದಿಯ ಚೈನುಗಳಲ್ಲಿ ಎರಡು ಮೂರು ಕಡೆ ಹೀಗೆ ಮಾಡಿ. ಅನಂತರ ಬುಷ್ಷಿನ ಹೊರವ್ಯಾಸವನ್ನು, ಹಲ್ಲು ತಾಗಿ ಹೊಳೆಯುವ ಪಕ್ಕಕ್ಕೆ ಹಿಡಿದು ಒಮ್ಮೆ, ಅದಕ್ಕೆ ಅಡ್ಡಲಾಗಿ ಇನ್ನೊಮ್ಮೆ, ಕ್ಯಾಲಿಪರ್‌ನಲ್ಲಿ ಅಳೆದು, ಎಲ್ಲವನ್ನೂ ನಿಮ್ಮ ಯಂತ್ರದ ಷಾಪ್ ಮ್ಯಾನ್ಯುಯಲ್‌ನಲ್ಲಿ (ರಿಪೇರಿ ಕೈಪಿಡಿಯಲ್ಲಿ) ಇರುವ ಮಿತಿಗಳೊಂದಿಗೆ ಹೋಲಿಸಿ.

ಸವೆತ ಮಿತಿಯೊಳಗಿದ್ದು ಬುಷ್ಷು ಎಲ್ಲೂ ಬಿರುಕು ಬಿಡದಿದ್ದರೆ ನೀವು ಅದೃಷ್ಟವಂತರು. ಚೈನನ್ನು ಬಿಚ್ಚಿ, ಪಿನ್ನುಗಳನ್ನು ಒತ್ತಿ ತೆಗೆದು ಕೂರಿಸುವ ಟ್ರ್ಯಾಕ್ ಪ್ರೆಸ್ ಇರುವ ವರ್ಕ್‌ಷಾಪಿಗೆ ಒಯ್ದು, ಪಿನ್ನು ಬುಷ್ಷುಗಳನ್ನು 180 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಿದರೆ ಸವೆಯದ ಪಕ್ಕ ಕೆಲಸಕ್ಕೆ ಬರುತ್ತದೆ, ಪಿಚ್ ಕೂಡ ಬಹುಮಟ್ಟಿಗೆ ಮೊದಲಿನ ಅಳತೆಗೆ ಮರಳುತ್ತದೆ. ಇದನ್ನು ‘ಪಿನ್-ಬುಷ್ ಟರ್ನಿಂಗ್’ ಎಂದರೆ ಅವರಿಗೆ ಅರ್ಥವಾಗುತ್ತದೆ. ಬುಷ್ಷಿನ ಮೇಲ್ಪದರಕ್ಕೆ ಮಾತ್ರ ಗಟ್ಟಿತನ ಕೊಟ್ಟಿರುತ್ತಾರೆ; ಆ ಪದರ ಮುಗಿದುಹೋದ ಮೇಲೆ ತಿರುಗಿಸಿ ಫಲವಿಲ್ಲ. ‘ಇನ್ನೊಂದು ಬೇಸಿಗೆ ಓಡಲಿ’ ಎಂದು ಮುಂದೂಡಿದವರು ಒಂದು ಪ್ರೆಸ್ ಕೆಲಸದಲ್ಲಿ ಮುಗಿಯುತ್ತಿದ್ದುದಕ್ಕೆ ಪೂರ್ತಿ ಹೊಸ ಚೈನನ್ನೇ ಕೊಳ್ಳಬೇಕಾಗಿ ಬಂದುದನ್ನು ನಾನು ಬಹಳ ಸಲ ನೋಡಿ ಮರುಗಿದ್ದೇನೆ.

ಸ್ಪ್ರಾಕೆಟ್ಟಿನ ನಿರ್ಧಾರ ಆಮೇಲಿನದು. ಹಲ್ಲಿನ ಒಂದೇ ಪಕ್ಕ ಸವೆದಿದ್ದು, ಎರಡೂ ಬದಿಯ ಸ್ಪ್ರಾಕೆಟ್ಟುಗಳು ಒಂದೇ ಪಾರ್ಟ್ ನಂಬರಿನವಾಗಿದ್ದರೆ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಾಯಿಸಬಹುದು. ವೆಲ್ಡಿಂಗ್ ತುಂಬಿಸುವುದೂ ತಪ್ಪಲ್ಲ, ಆದರೆ ಕಣ್ಣಂದಾಜಿನಲ್ಲಿ ಬೇಡ. ಸವೆಯದ ಹಲ್ಲಿನ ಅಥವಾ ಹೊಸ ಸ್ಪ್ರಾಕೆಟ್ಟಿನ ಆಕಾರಕ್ಕೆ ತಗಡಿನ ಅಚ್ಚು ಕತ್ತರಿಸಿಕೊಂಡು, ಲೋಹವನ್ನು ಮೊದಲೇ ಬಿಸಿ ಮಾಡಿ, ಒಣಗಿಸಿದ ಲೋ-ಹೈಡ್ರೋಜನ್ ರಾಡ್ ಬಳಸಿ, ಒಂದೇ ಕಡೆ ಕಾವು ಸೇರದಂತೆ ಎದುರುಬದುರಿನ ಹಲ್ಲುಗಳಿಗೆ ಸ್ವಲ್ಪಸ್ವಲ್ಪವಾಗಿ ತುಂಬಿಸಿ ಅಚ್ಚಿಗೆ ಸರಿಯಾಗಿ ಉಜ್ಜಬೇಕು. ಯಂತ್ರದ ಮೇಲಿರುವಾಗಲೇ ವೆಲ್ಡ್ ಮಾಡುವುದಾದರೆ ಅರ್ಥ್ ಕ್ಲಾಂಪನ್ನು ಅದೇ ಸ್ಪ್ರಾಕೆಟ್ಟಿಗೆ ಕಚ್ಚಿಸಿ. ಯಂತ್ರದ ಚೌಕಟ್ಟಿಗೆ ಕಚ್ಚಿಸಿದರೆ ಕರೆಂಟು ಫೈನಲ್ ಡ್ರೈವಿನ, ಅಂದರೆ ಸ್ಪ್ರಾಕೆಟ್ಟನ್ನು ತಿರುಗಿಸುವ ಕೊನೆಯ ಗೇರುಪೆಟ್ಟಿಗೆಯ, ಬೇರಿಂಗುಗಳ ಮೂಲಕ ಹಾದು ಅವುಗಳ ಮೈಯಲ್ಲಿ ಗುಳಿ ಬೀಳಿಸುತ್ತದೆ.

ಚೈನನ್ನು ಅತಿಯಾಗಿ ಬಿಗಿ ಮಾಡುವುದನ್ನು ಇಂದೇ ನಿಲ್ಲಿಸಿ. ಚೈನು ಸುತ್ತಿ ಬರುವ ಮುಂದಿನ ಚಕ್ರವಾದ ಐಡ್ಲರ್ ಮತ್ತು ಚೈನಿನ ಮೇಲಿನ ಸಾಲನ್ನು ಹೊರುವ ಕ್ಯಾರಿಯರ್ ರೋಲರ್ ನಡುವೆ ನೇರವಾದ ಪಟ್ಟಿ ಇಟ್ಟರೆ ನಡುಮಧ್ಯದಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಜೋಲು ಕಾಣಬೇಕು. ಕೆಸರು ಸ್ಪ್ರಾಕೆಟ್ಟಿನ ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ತುಂಬಿಕೊಂಡರೆ ಚೈನು ತಾನಾಗಿಯೇ ಬಿಗಿಯುತ್ತದೆ, ಆದ್ದರಿಂದ ಹೂಳಿನ ಕೆಲಸದ ದಿನ ಸಂಜೆಯೇ ತೊಳೆಯುವುದು ಒಳ್ಳೆಯದು. ಹಿಮ್ಮುಖ ಓಟದಲ್ಲಿ ಬುಷ್ಷು ಭಾರ ಹೊತ್ತೇ ಹಲ್ಲಿನ ಮೇಲೆ ಉರುಳುವುದರಿಂದ ಸವೆತ ಹೆಚ್ಚು. ವೇಗವಾಗಿ ಹಿಂದಕ್ಕೆ ಓಡಿಸಬೇಡಿ ಎಂದು ಚಾಲಕರಿಗೆ ಹೇಳಿ. ಚೈನು ಸಡಿಲಿಸುವಾಗ, ಅದನ್ನು ಬಿಗಿಯಾಗಿ ಹಿಡಿದಿರುವ ಸಿಲಿಂಡರಿನ ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಅದರ ನೇರಕ್ಕೆ ಮುಖ ಒಡ್ಡಬೇಡಿ. ಒಳಗಿನ ಒತ್ತಡಕ್ಕೆ ವಾಲ್ವು ಸಿಡಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಅದೇ ಮಾದರಿಯ ಡೋಜರಿನ ಫೈನಲ್ ಡ್ರೈವಿನಿಂದ ಆಯಿಲ್ ಒಸರುತ್ತಿದೆ. ವಾರಕ್ಕೊಮ್ಮೆ ಆಯಿಲ್ ತುಂಬಿಸುತ್ತಾ ಮಳೆಗಾಲ ಕಳೆಯಬಹುದೇ?
— ಗುತ್ತಿಗೆದಾರರು, ಸಕಲೇಶಪುರ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಆಯಿಲ್ ಹೊರಬರುವ ದಾರಿಯಲ್ಲೇ ಕೆಸರುನೀರು ಒಳಹೋಗುತ್ತದೆ. ಎಂಜಿನ್ ಆರಿಸಿ, ಅಡಿಯ ಡ್ರೈನ್ ಪ್ಲಗ್ ಬಿಚ್ಚಿ, ಆಯಿಲನ್ನು ಬಿಳಿಯ ಬೇಸಿನ್ನಿಗೆ ಇಳಿಸಿ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ: ಕಾಡಿಗೆಯಂತಹ ನುಣ್ಣನೆಯ ಬೂದುಪುಡಿ ವಯಸ್ಸಿನ ಸವೆತ, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗೇರು ಅಥವಾ ಬೇರಿಂಗು ಒಡೆಯುತ್ತಿದೆ, ಯಂತ್ರವನ್ನು ಒಂದು ಗಜವೂ ಓಡಿಸಬಾರದು.

ಆಯಿಲ್ ಸೋರದಂತೆ ತಡೆಯುವ ಇಲ್ಲಿನ ಫ್ಲೋಟಿಂಗ್ ಸೀಲ್ ಎಂದರೆ ಕನ್ನಡಿಯಂತೆ ಹೊಳಪು ಕೊಟ್ಟ ಎರಡು ಲೋಹದ ಉಂಗುರಗಳು, ಅವುಗಳ ಬೆನ್ನಿಗೆ ಎರಡು ರಬ್ಬರ್ ಉಂಗುರಗಳು. ಲೋಹದ ಮುಖದಲ್ಲಿ ಕಾಣುವ ಹೊಳೆಯುವ ಪಟ್ಟಿ ಹೊರ ಅಂಚಿನ ಬಳಿ ಇದ್ದರೆ ಆಯುಷ್ಯ ಉಳಿದಿದೆ, ಒಳ ಅಂಚಿಗೆ ಬಂದಿದ್ದರೆ ಜೋಡಿಯನ್ನೇ ಬದಲಾಯಿಸಬೇಕು. ಜೋಡಿಸುವಾಗ ಹೊಳಪಿನ ಮುಖಕ್ಕೆ ತೆಳುವಾಗಿ ಆಯಿಲ್ ಸವರಿ, ಆದರೆ ರಬ್ಬರ್ ಉಂಗುರಗಳು ಮತ್ತು ಅವು ಕೂರುವ ಜಾಗ ಪೂರ್ತಿ ಒಣಗಿರಲಿ. ರಬ್ಬರಿಗೆ ಎಣ್ಣೆ ತಾಗಿದರೆ ಅದು ಜಾರಿ ಸೊಟ್ಟಗೆ ಕೂರುತ್ತದೆ, ಹೊಸ ಸೀಲೂ ಸೋರುತ್ತದೆ. ಎಷ್ಟೋ ಕಡೆ ಗ್ರೀಸ್ ಬಳಿದೇ ಜೋಡಿಸುತ್ತಾರೆ. ಎದುರಿಗೆ ನಿಂತು ಮಾಡಿಸಿಕೊಳ್ಳಿ.

ಪ್ರಶ್ನೆ: ಬೆವೆಲ್ ಪಿನಿಯನ್ನಿನ (ಓರೆ ಹಲ್ಲಿನ ಸಣ್ಣ ಗೇರಿನ) ಒಂದು ಹಲ್ಲಿನ ಮೂಲೆ ಮುರಿದಿದೆ. ವೆಲ್ಡಿಂಗ್ ತುಂಬಿಸಿ ಲೇತಿನವರಲ್ಲಿ ಹಲ್ಲು ಕಟ್ಟಿಸಬಹುದೇ?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಬೇಡ. ಸ್ಪ್ರಾಕೆಟ್ಟಿಗೆ ಹೇಳಿದ್ದು ಇದಕ್ಕೆ ಸಲ್ಲದು. ಈ ಹಲ್ಲಿನ ಮೇಲ್ಪದರಕ್ಕೆ ಕಾರ್ಬನ್ ಹಿಡಿಸಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗ್ ಕಾವಿಗೆ ಅದು ಬಿರಿಯುತ್ತದೆ, ಭಾರ ಬಿದ್ದ ದಿನ ತುಂಡು ಕಳಚಿ, ಪಿನಿಯನ್ ತಿರುಗಿಸುವ ದೊಡ್ಡ ಗೇರಾದ ಕ್ರೌನ್ ವೀಲಿನ ಹಲ್ಲುಗಳ ನಡುವೆ ಸಿಕ್ಕಿ ಗೇರುಗಳ ಹೊರಕವಚವಾದ ಕೇಸನ್ನೇ ಒಡೆಯಬಹುದು. ಪಿನಿಯನ್ ಮತ್ತು ಕ್ರೌನ್ ಎರಡನ್ನೂ ಜೋಡಿಯಾಗಿಯೇ ತನ್ನಿ. ಜೋಡಿಸಿದ ಮೇಲೆ ಹಲ್ಲಿಗೆ ನೀಲಿ ಬಣ್ಣ ಸವರಿ ಕೈಯಲ್ಲಿ ತಿರುಗಿಸಿ, ಒತ್ತಿದ ಗುರುತು ಹಲ್ಲಿನ ನಡುವೆ, ಸ್ವಲ್ಪ ಒಳತುದಿಯ ಕಡೆಗೆ ಮೂಡುವವರೆಗೆ ಮೆಕ್ಯಾನಿಕ್ ಷಿಮ್ (ತೆಳು ತಗಡು) ಬದಲಾಯಿಸುತ್ತಿರಲಿ, ಬ್ಯಾಕ್‌ಲ್ಯಾಷ್ (ಹಲ್ಲುಗಳ ನಡುವಿನ ಸಡಿಲು) ಕೂಡ ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ಬರಲಿ. ಅಲ್ಲಿಯವರೆಗೆ ಕೇಸು ಮುಚ್ಚಲು ಬಿಡಬೇಡಿ.